ಕಲ್ಲು ಮೇಲೆ, ಕಬ್ಬಿಣ ಕೆಳಗೆ: ಮೊದಲ ಸಲ ಶಿಲ್ಪ ಕೂಡಿಸುವವರಿಗೆ

ನಮ್ಮ ಕಡೆ ಕಲ್ಲಿಗೂ ಬರವಿಲ್ಲ, ಕಬ್ಬಿಣಕ್ಕೂ ಬರವಿಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಕಡೆ ಹೋದರೆ ಲೇತ್, ವೆಲ್ಡಿಂಗ್, ಫ್ಯಾಬ್ರಿಕೇಶನ್ ಅಂಗಡಿಗಳು ಸಾಲಾಗಿ ಸಿಗುತ್ತವೆ. ಗದಗಿನ ಪಕ್ಕದಲ್ಲೇ ಲಕ್ಕುಂಡಿ ಇದೆ. ಆದರೂ ಎರಡನ್ನೂ ಸೇರಿಸಿ ಶಿಲ್ಪ ಮಾಡಲು ಹೊರಟವರು ಹೆಚ್ಚಾಗಿ ಒಂದೇ ಕಡೆ ಎಡವುತ್ತಾರೆ. ಕಲ್ಲನ್ನು ಕಬ್ಬಿಣಕ್ಕೆ ಅಂಟಿಸಿಬಿಡುತ್ತಾರೆ. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅಂಟು ಬಿಡುತ್ತದೆ, ಇಲ್ಲವೇ ಕಲ್ಲು ಸೀಳುತ್ತದೆ.

ಕಲ್ಲನ್ನು ಅಂಟಿಸಬಾರದು, ಕೂಡಿಸಬೇಕು. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯನ್ನೋ, 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯವನ್ನೋ ಹತ್ತಿರದಿಂದ ನೋಡಿ. ಕಲ್ಲಿಗೂ ಕಲ್ಲಿಗೂ ನಡುವೆ ಗಾರೆ ಇಲ್ಲ. ಒಂದರ ಭಾರ ಇನ್ನೊಂದರ ಮೇಲೆ ನೆಟ್ಟಗೆ ಬಿದ್ದು ಗುಡಿ ನಿಂತಿದೆ. ಅಲ್ಲಿನ ಕಂಬಗಳ ನುಣುಪಾದ ಬಳೆಗಳನ್ನೂ ಗಮನಿಸಿ. ಬಳಪದ ಕಲ್ಲಿನ ಕಂಬವನ್ನು ಲೇತ್‌ನಂಥ ಸಾಧನದ ಮೇಲೆ ತಿರುಗಿಸಿ ಕಡೆದ ಗುರುತು ಅದು. ಕಲ್ಲು ಮತ್ತು ಯಂತ್ರದ ನಂಟು ನಮ್ಮ ಕಡೆ ಹೊಸದೇನಲ್ಲ, ಅಲ್ವಾ?

ಇಲ್ಲಿ ಒಂದು ಸಣ್ಣ ಶಿಲ್ಪವನ್ನು ಮೊದಲಿಂದ ಕೊನೆಯವರೆಗೆ ಮಾಡುವ ದಾರಿ ಹೇಳುತ್ತೇನೆ. ಸುಮಾರು 30 ಕಿಲೊ ತೂಕದ ಒಂದು ಗುಂಡುಕಲ್ಲು, ಅದನ್ನು ಹೊರುವ ಎರಡು ಕಬ್ಬಿಣದ ಪ್ಲೇಟು, ಕೆಳಗೊಂದು ತಳದ ಪ್ಲೇಟು, ಕಲ್ಲಿಗೆ ಅಡಿಯಿಂದ ತೂತು ಹಾಕಿ ಕೂರಿಸುವ ಒಂದು ರಾಡು. ಒಟ್ಟು ಎತ್ತರ ಒಂದು ಮೀಟರು. ಇಷ್ಟನ್ನು ಸರಿಯಾಗಿ ಮಾಡಿದರೆ ದೊಡ್ಡದಕ್ಕೂ ಇದೇ ದಾರಿ.

ಕಲ್ಲು ಎಲ್ಲಿಂದ, ಎಂಥದ್ದು

ಮೊದಲು ಎಲ್ಲಿಂದ ತರಬಾರದು ಎನ್ನುವುದು. ಗುಡಿಗಳ ಸುತ್ತಮುತ್ತ ಬಿದ್ದ ಕಲ್ಲು ಎಷ್ಟೇ ಚಿಕ್ಕದಿರಲಿ, ಮುಟ್ಟಬೇಡಿ. ಹಾಳು ಬಿದ್ದಂತೆ ಕಾಣುವ ತುಂಡು ಕೂಡ ಆ ಗುಡಿಯದ್ದೇ. ಕಪ್ಪತಗುಡ್ಡದ ಕಲ್ಲೂ ಬೇಡ. ಅದು 2019ರಿಂದ ವನ್ಯಜೀವಿಧಾಮ.

ತರಬೇಕಾದ ಕಡೆಗಳು ಬೇಕಾದಷ್ಟಿವೆ. ಹೊಲದ ಬದುವಿಗೆ ಒಟ್ಟಿದ ಗುಂಡುಗಳನ್ನು ಹೊಲದವರನ್ನು ಕೇಳಿ ತನ್ನಿ. ಬಾವಿ ತೋಡಿದಲ್ಲಿ, ಹಳೆ ಮನೆ ಕೆಡವಿದಲ್ಲಿ ಒಳ್ಳೆಯ ಕಲ್ಲು ಸಿಗುತ್ತದೆ. ಗ್ರಾನೈಟ್ ಕತ್ತರಿಸುವ ಕಡೆ ಅಂಚಿನ ತುಂಡುಗಳನ್ನು ಗುಡ್ಡೆ ಹಾಕಿರುತ್ತಾರೆ. ಒಂದು ಮುಖ ಗರಗಸ ಹಾಯ್ದು ನುಣ್ಣಗಿರುತ್ತದೆ, ಉಳಿದ ಮುಖ ಬಂಡೆ ಹೇಗಿತ್ತೋ ಹಾಗೇ ಒರಟು. ನನಗೆ ಎಲ್ಲಕ್ಕಿಂತ ಇಷ್ಟ ಈ ತುಂಡುಗಳು. ಯಂತ್ರ ಮುಟ್ಟಿದ್ದು, ಮುಟ್ಟದ್ದು ಎರಡೂ ಒಂದೇ ಕಲ್ಲಿನಲ್ಲಿ ಕಾಣುತ್ತವೆ. ಮಿಕ್ಸರ್ ಬಂದ ಮೇಲೆ ಹಿತ್ತಲು ಸೇರಿದ ಒರಳು, ಬೀಸುಕಲ್ಲುಗಳೂ ಒಳ್ಳೆಯವೇ. ಆದರೆ ಅವುಗಳಿಗೆ ಆಗಲೇ ಒಂದು ಕಥೆ ಇದೆ. ಅದನ್ನು ಹೊರುವ ಶಕ್ತಿ ನಿಮ್ಮ ಶಿಲ್ಪಕ್ಕೆ ಇದ್ದರೆ ಮಾತ್ರ ಬಳಸಿ.

ಜಾತಿ ತಿಳಿದುಕೊಳ್ಳಿ. ಇಳಕಲ್ಲಿನ ಕೆಂಪು ಗ್ರಾನೈಟ್ ಗಟ್ಟಿ, ಮಳೆಗೆ ಜಗ್ಗುವುದಿಲ್ಲ, ಕೊರೆಯಲು ತಾಳ್ಮೆ ಬೇಕು. ಬಾದಾಮಿ ಕಡೆಯ ಕೆಂಪು ಮರಳುಗಲ್ಲು ಕೆತ್ತಲು ಸುಲಭ, ಆದರೆ ನೀರು ಕುಡಿಯುತ್ತದೆ. ಶಹಾಬಾದ್ ಫರಸಿ ಸುಣ್ಣಗಲ್ಲು, ಆ್ಯಸಿಡ್ ತಾಗಿದರೆ ಕರಗುತ್ತದೆ. ಗದಗ-ಧಾರವಾಡದ ಪದರುಗಲ್ಲು ಹಾಳೆ ಹಾಳೆಯಾಗಿ ಬಿಡಿಸಿಕೊಳ್ಳುವ ಸ್ವಭಾವದ್ದು. ಅದಕ್ಕೆ ತೂತು ಹಾಕುವಾಗ ಪದರಿಗೆ ಅಡ್ಡಲಾಗಿ ಹಾಕಬೇಕು. ಪದರಿನ ಗುಂಟ ಹಾಕಿದರೆ ತೂತೇ ಬಿರುಕಾಗುತ್ತದೆ. ಮೊದಲ ಕೆಲಸಕ್ಕೆ ಗ್ರಾನೈಟ್ ಸಾಕು.

ತಂದ ಕಲ್ಲಿಗೆ ಎರಡು ಪರೀಕ್ಷೆ ಮಾಡಿ. ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ. ಠಣ್ ಎಂದು ತುಂಬಿದ ದನಿ ಬಂದರೆ ಒಳಗೆ ಗಟ್ಟಿ ಇದೆ. ದಬ್ ಎಂದರೆ ಎಲ್ಲೋ ಬಿಟ್ಟಿದೆ. ಆಮೇಲೆ ಕಲ್ಲಿನ ಮೇಲೆ ಒಂದು ಬಕೆಟ್ ನೀರು ಸುರಿದು ಬಿಸಿಲಿಗಿಡಿ. ಮೇಲ್ಮೈ ಬೇಗ ಒಣಗುತ್ತದೆ. ಬಿರುಕಿದ್ದ ಕಡೆ ಮಾತ್ರ ನೀರು ಒಳಗಿಳಿದಿರುವುದರಿಂದ ಕೂದಲೆಳೆಯಷ್ಟು ಕಪ್ಪು ಗೆರೆ ತೇವವಾಗೇ ಉಳಿಯುತ್ತದೆ. ಸೀಮೆಸುಣ್ಣದಲ್ಲಿ ಆ ಗೆರೆ ಗುರುತು ಮಾಡಿ. ತೂತು ಅಲ್ಲಿಗೆ ಹತ್ತಿರ ಬರಬಾರದು. ಗೆರೆ ಕಲ್ಲನ್ನು ಪೂರ್ತಿ ಸುತ್ತಿ ಬಂದಿದ್ದರೆ ಬೇರೆ ಕಲ್ಲು ಹುಡುಕಿ.

ಕಬ್ಬಿಣ

ಬೇಕಾದ್ದು 12 ಎಂಎಂ ದಪ್ಪದ 45 ಸೆಂ.ಮೀ. ಚೌಕದ ತಳದ ಪ್ಲೇಟು, 10 ಎಂಎಂ ದಪ್ಪ, 15 ಸೆಂ.ಮೀ. ಅಗಲ, 80 ಸೆಂ.ಮೀ. ಎತ್ತರದ ಎರಡು ಪ್ಲೇಟು, ಅವೆರಡರ ನಡುವೆ ಅಡ್ಡ ಕೂರಿಸಲು ಒಂದು ಪಟ್ಟಿ. ಗುಜರಿ ಅಂಗಡಿಯಲ್ಲೇ ಸಿಗುತ್ತವೆ. ಹಳೆ ಚಾನಲ್, ಲಾರಿಯ ಪಾಟಾ, ಚಕ್ಕಡಿ ಗಾಲಿಯ ಕಬ್ಬಿಣದ ಪಟ್ಟಿ ಕಣ್ಣಿಗೆ ಬಿದ್ದರೆ ತೆಗೆದಿಡಿ, ಮುಂದಕ್ಕೆ ಬೇಕಾಗುತ್ತವೆ.

ಮೂರು ಎಚ್ಚರಿಕೆ. ರೈಲಿನ ಹಳಿ ತುಂಡು, ಕ್ಲಿಪ್ಪು, ಸ್ಲೀಪರ್ ಪ್ಲೇಟುಗಳನ್ನು ಬಿಲ್ಲಿಲ್ಲದೆ ಕೊಳ್ಳಬೇಡಿ. ರೈಲ್ವೆ ಆಸ್ತಿಯನ್ನು ಹಾಗೆ ಇಟ್ಟುಕೊಳ್ಳುವುದು 1966ರ ಕಾಯ್ದೆಯ ಪ್ರಕಾರ ಅಪರಾಧ. ಇನ್ನೊಂದು, ಎಣ್ಣೆ ಅಥವಾ ಕೆಮಿಕಲ್ ತುಂಬಿದ್ದ ಡ್ರಮ್ಮನ್ನು ಯಾವ ಕಾರಣಕ್ಕೂ ಕಟರ್‌ನಿಂದ ಕತ್ತರಿಸಬೇಡಿ. ಖಾಲಿ ಇದ್ದರೂ ಒಳಗಿನ ಆವಿ ಸಿಡಿಯುತ್ತದೆ. ಮೂರನೆಯದು, ಜಿಐ ಪೈಪಿಗೆ ವೆಲ್ಡಿಂಗ್ ಹೊಡೆದರೆ ಸತುವಿನ ಹೊಗೆ ಏಳುತ್ತದೆ, ಆ ಹೊಗೆ ಕುಡಿದರೆ ರಾತ್ರಿ ಜ್ವರ ಬರುತ್ತದೆ. ಸತುವಿನ ಲೇಪ ಉಜ್ಜಿ ತೆಗೆದು, ಬಯಲಲ್ಲಿ ನಿಂತು ಮಾಡಿ.

ಕಲ್ಲಿನೊಳಗೆ ಹೋಗುವ ರಾಡು ಮಾತ್ರ ಗುಜರಿಯದ್ದು ಬೇಡ. ಅದು ಸ್ಟೇನ್‌ಲೆಸ್ ಸ್ಟೀಲೇ ಆಗಬೇಕು. 304 ಗ್ರೇಡಿನ, ಉದ್ದಕ್ಕೂ ಆಟೆ (ನಟ್ಟು ಕೂರುವ ಥ್ರೆಡ್) ಇರುವ 12 ಎಂಎಂ ರಾಡು. ರೇಲಿಂಗ್ ಅಂಗಡಿಗಳಲ್ಲಿ 202 ಗ್ರೇಡು ಜಾಸ್ತಿ, ಅದು ಬೇಗ ತುಕ್ಕು ಹಿಡಿಯುತ್ತದೆ. ಕೇಳಿ ತೆಗೆದುಕೊಳ್ಳಿ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಕಬ್ಬಿಣ ತುಕ್ಕಾದಾಗ ಊದಿಕೊಳ್ಳುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಕಲ್ಲಿನ ತೂತಿನಲ್ಲಿ ಆ ಜಾಗ ಎಲ್ಲಿಂದ ಬರಬೇಕು? ಕಲ್ಲು ಸೀಳಿ ಜಾಗ ಕೊಡುತ್ತದೆ. ಅಥೆನ್ಸ್‌ನ ಪಾರ್ಥೆನಾನ್ ಗುಡಿಗೆ ಆದದ್ದು ಇದೇ. ಹಳೆಯ ಗ್ರೀಕರು ಕಬ್ಬಿಣದ ಕೊಂಡಿಗಳ ಸುತ್ತ ಸೀಸ ಎರೆದು ನೀರು ತಾಗದಂತೆ ಮಾಡಿದ್ದರು. 20ನೇ ಶತಮಾನದ ಮೊದಲ ದಶಕಗಳಲ್ಲಿ ದುರಸ್ತಿ ಮಾಡಿದವರು ಸೀಸವಿಲ್ಲದೆ ಕಬ್ಬಿಣ ಹಾಕಿದರು. ಅದು ತುಕ್ಕು ಹಿಡಿದು ಅಮೃತಶಿಲೆಯನ್ನೇ ಒಡೆಯಿತು. ಆಮೇಲಿನವರು ಅದನ್ನೆಲ್ಲ ಕಿತ್ತು ಟೈಟಾನಿಯಂ ಹಾಕಬೇಕಾಯಿತು. ನಮಗೆ ಟೈಟಾನಿಯಂ ಬೇಕಿಲ್ಲ, ಸ್ಟೇನ್‌ಲೆಸ್ ಸಾಕು.

ಕೂಡಿಸುವ ಮೊದಲು ನೋಡುವುದು

ಇಲ್ಲಿ ಅವಸರ ಬೇಡ. ಕಲ್ಲನ್ನು ಮರಳಿನ ಚೀಲದ ಮೇಲಿಟ್ಟು ಬೇರೆ ಬೇರೆ ಮಗ್ಗುಲಿಗೆ ತಿರುಗಿಸಿ ನೋಡಿ. ಬೆಳಗಿನ ಬಿಸಿಲಲ್ಲಿ ಒಂದು ಸಲ, ಸಂಜೆ ಒಂದು ಸಲ. ಯಾವ ಮುಖ ಮೇಲೆ ಬಂದರೆ ಅದು ಬರೀ ಕಲ್ಲಾಗಿ ಉಳಿಯುವುದಿಲ್ಲವೋ ಅದನ್ನು ಆರಿಸಿ.

ಅದಕ್ಕೆ ಕಣ್ಣು, ಮೂಗು, ಕೊಕ್ಕು ಹಚ್ಚಲು ಹೋಗಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸ್ಪ್ಯಾನರ್ ಕಾಲು, ಕಲ್ಲಿನ ಹೊಟ್ಟೆಯ ಹಕ್ಕಿಗಳನ್ನು ನೋಡಿದವರು ಒಂದು ಸಲ ನಕ್ಕು ಮುಂದೆ ಹೋಗುತ್ತಾರೆ. ಕೊರಿಯಾದಲ್ಲಿ ಹುಟ್ಟಿ ಬೆಳೆದು ಆಮೇಲೆ ಜಪಾನಿಗೆ ಹೋದ ಕಲಾವಿದ ಲೀ ಉಫಾನ್ 1960ರ ದಶಕದ ಕೊನೆಯಿಂದಲೂ ಒಂದು ಬಂಡೆ, ಒಂದು ಕಬ್ಬಿಣದ ಪ್ಲೇಟು ಎದುರುಬದುರು ಇಟ್ಟು ಬಿಡುತ್ತಾರೆ, ಅಷ್ಟೇ. ನಡುವಿನ ಜಾಗವೇ ಮಾತಾಡುತ್ತದೆ. ಇಟಲಿಯ ಜೊವಾನ್ನಿ ಆನ್ಸೆಲ್ಮೊ 1968ರಲ್ಲಿ ಗ್ರಾನೈಟ್ ಕಂಬಕ್ಕೆ ಸಣ್ಣ ಗ್ರಾನೈಟ್ ತುಂಡೊಂದನ್ನು ತಾಮ್ರದ ತಂತಿಯಿಂದ ಕಟ್ಟಿ, ನಡುವೆ ಲೆಟ್ಯೂಸ್ ಸೊಪ್ಪು ಇಟ್ಟರು. ಸೊಪ್ಪು ಬಾಡಿದರೆ ತಂತಿ ಸಡಿಲಾಗಿ ಕಲ್ಲು ಬೀಳುತ್ತದೆ. ಬಾಡಿದಂತೆಲ್ಲ ಹೊಸ ಸೊಪ್ಪು ಇಡಲೇಬೇಕು. ಕಲ್ಲಿನ ಭಾರ ಎಂದರೇನು ಎಂದು ಆ ಸೊಪ್ಪು ತೋರಿಸಿಕೊಡುತ್ತದೆ. ನಮ್ಮ ಶಿಲ್ಪದಲ್ಲೂ ಕಾಣಬೇಕಾದ್ದು ಅದೇ: ಭಾರ ಎಲ್ಲಿದೆ, ಅದನ್ನು ಯಾರು ಹೊತ್ತಿದ್ದಾರೆ.

ತೂಕ ಮತ್ತು ಭಾರದ ನಡು

ತಕ್ಕಡಿ ಇಲ್ಲದಿದ್ದರೆ ಹೀಗೆ ಮಾಡಿ. ದೊಡ್ಡ ಟಬ್ಬಿನೊಳಗೆ ಡ್ರಮ್ಮಿಟ್ಟು ಅಂಚಿನವರೆಗೆ ನೀರು ತುಂಬಿ. ಕಲ್ಲನ್ನು ನಿಧಾನ ಇಳಿಸಿ. ಹೊರಗೆ ಚೆಲ್ಲಿದ ನೀರನ್ನು ಅಳೆಯಿರಿ. ಎಷ್ಟು ಲೀಟರೋ ಅದನ್ನು 2.7ರಿಂದ ಗುಣಿಸಿ. ಗ್ರಾನೈಟ್‌ಗೆ ಸುಮಾರು ಅಷ್ಟೇ. 11 ಲೀಟರ್ ಚೆಲ್ಲಿದರೆ ಕಲ್ಲು 30 ಕಿಲೊ.

ಭಾರದ ನಡು ಹುಡುಕಲು ಕಲ್ಲನ್ನು ನೀವು ಆರಿಸಿದ ಭಂಗಿಯಲ್ಲೇ ಒಂದು ಪೈಪಿನ ಮೇಲಿಡಿ. ಆ ಕಡೆ ಈ ಕಡೆ ತೂಗಿ ಸಮ ನಿಲ್ಲುವ ಜಾಗದಲ್ಲಿ ಗೆರೆ ಎಳೆಯಿರಿ. ಪೈಪನ್ನು ಅಡ್ಡ ತಿರುಗಿಸಿ ಇನ್ನೊಂದು ಗೆರೆ. ಎರಡೂ ಕೂಡುವಲ್ಲಿ ಕೆಳಗಿನಿಂದ ತೂತು ಬರುತ್ತದೆ. ಕಣ್ಣಂದಾಜು ನಂಬಬೇಡಿ. ಕಲ್ಲಿನ ಒಂದು ತುದಿ ದಪ್ಪ ಇದ್ದರೆ ನಡು ನಾವೆಣಿಸಿದ್ದಕ್ಕಿಂತ ಎಷ್ಟೋ ಆಚೆ ಇರುತ್ತದೆ.

ಕಬ್ಬಿಣವನ್ನು ಕಲ್ಲಿಗೆ ಹೊಂದಿಸುವುದು

ಎರಡು ನಿಲುವು ಪ್ಲೇಟುಗಳ ಮೇಲಂಚು ಕಲ್ಲಿನ ಹೊಟ್ಟೆಯ ಬಾಗಿಗೆ ಸರಿಯಾಗಿ ಕೂರಬೇಕು. ಇದಕ್ಕೆ ರಟ್ಟು ಬೇಕು. ಕಲ್ಲನ್ನು ಎರಡು ಇಟ್ಟಿಗೆಗಳ ಮೇಲೆ ಎತ್ತಿಡಿ. ಪ್ಲೇಟು ಬರುವ ಜಾಗದಲ್ಲಿ ರಟ್ಟನ್ನು ನಿಲ್ಲಿಸಿ, ಅಂಚು ಕಲ್ಲಿಗೆ ತಾಗಲಿ. ಕೈವಾರದ ಒಂದು ಮೊನೆ ಕಲ್ಲಿಗೆ, ಪೆನ್ಸಿಲ್ ರಟ್ಟಿಗೆ. ಅಗಲ ಬದಲಿಸದೆ ಕಲ್ಲಿನ ಗುಂಟ ಎಳೆಯುತ್ತ ಹೋಗಿ. ಕಲ್ಲಿನ ಉಬ್ಬುತಗ್ಗೆಲ್ಲ ರಟ್ಟಿನ ಮೇಲೆ ಇಳಿಯುತ್ತದೆ. ಕತ್ತರಿಸಿ, ಇಟ್ಟು ನೋಡಿ, ಮತ್ತೆ ಕತ್ತರಿಸಿ. ರಟ್ಟು ಎಷ್ಟು ಹೊತ್ತು ತೆಗೆದುಕೊಂಡರೂ ಪರವಾಗಿಲ್ಲ, 10 ಎಂಎಂ ಪ್ಲೇಟನ್ನು ತಿದ್ದುವ ಕಷ್ಟ ತಪ್ಪುತ್ತದೆ.

ಈ ಗೆರೆಯನ್ನು ಪ್ಲೇಟಿಗೆ ದಾಟಿಸುವಾಗ 3 ಎಂಎಂ ಕಡಿಮೆ ಮಾಡಿ. ಕಲ್ಲಿಗೂ ಕಬ್ಬಿಣಕ್ಕೂ ನಡುವೆ 3 ಎಂಎಂ ದಪ್ಪದ, ನಿಯೋಪ್ರಿನ್ ಎಂಬ ರಬ್ಬರಿನ ಶೀಟು ಬರುತ್ತದೆ. ಟ್ಯೂಬಿನ ರಬ್ಬರ್ ಬೇಡ, ತಿಳಿ ಬಣ್ಣದ ಕಲ್ಲಿಗೆ ಕಪ್ಪು ಹತ್ತಬಹುದು. ಗ್ಯಾಸ್ ಕಟರಿನಲ್ಲಿ ಕತ್ತರಿಸಿ, ಗ್ರೈಂಡರಿನಲ್ಲಿ ಅಂಚಿನ ಹರಿತ ಮುರಿಯಿರಿ.

ಪ್ಲೇಟುಗಳ ನಡುವೆ 15 ಸೆಂ.ಮೀ. ಅಂತರ ಇರಲಿ. ಮೇಲಂಚಿನಿಂದ ಸ್ವಲ್ಪ ಕೆಳಗೆ ಅಡ್ಡ ಪಟ್ಟಿ. ಕಲ್ಲಿನಿಂದ ಇಳಿಯುವ ರಾಡು ಈ ಪಟ್ಟಿಯ ತೂತಿನಲ್ಲಿ ಹಾಯ್ದು ಕೆಳಗೆ ನಟ್ಟಿಗೆ ಸಿಗಬೇಕು. ತೂತನ್ನು ದುಂಡಗೆ ಮಾಡಬೇಡಿ. 14 ಎಂಎಂ ಅಗಲ, 25 ಎಂಎಂ ಉದ್ದ ಇರಲಿ, ಅತ್ತಿತ್ತ ಸರಿಸಲು ಬರುತ್ತದೆ.

ವೆಲ್ಡಿಂಗ್ ಹಂತದಲ್ಲಿ ಕಲ್ಲನ್ನು ಇಟ್ಟು ನೋಡಲೇಬೇಕು, ಆದರೆ ಕಲ್ಲು ಇದ್ದಾಗ ಪೂರ್ತಿ ವೆಲ್ಡಿಂಗ್ ಹೊಡೆಯಬಾರದು. ಒಂದೇ ಕಡೆ ಬಿಸಿ ತಾಗಿದರೆ ಕಲ್ಲಿನ ಮೇಲ್ಪದರ ಚಕ್ಕೆ ಹಾರುತ್ತದೆ. ಪಾಲಿಶ್ ಮಾಡಿದ ಮುಖಕ್ಕೆ ಕಿಡಿ ಸಿಡಿದರೆ ಆ ಚುಕ್ಕೆ ಹೋಗುವುದೇ ಇಲ್ಲ. ಅಂಗಡಿಯವರಿಗೆ ಮೊದಲೇ ಹೇಳಿ: “ಅಣ್ಣಾರ, ಈಗ ಬರೇ ಟ್ಯಾಕ್ ಹೊಡೀರಿ. ಕಲ್ಲು ಇಳಿಸಿದ ಮ್ಯಾಲೆ ಪೂರ್ತಿ ವೆಲ್ಡಿಂಗ್ ಮಾಡೋಣ್ರಿ.” ಟ್ಯಾಕ್, ಅಂದರೆ ಜಾಗ ಹಿಡಿಸುವಷ್ಟೇ ಚುಕ್ಕೆ ವೆಲ್ಡಿಂಗ್, ಹಾಕುವಾಗಲೂ ಕಲ್ಲಿಗೆ ಒದ್ದೆ ಗೋಣಿಚೀಲ ಹೊದಿಸಿ.

ತೂತು

ಕಲ್ಲನ್ನು ಮರಳ ಚೀಲದ ಮೇಲೆ ತಲೆಕೆಳಗು ಮಾಡಿ. ತೂತು ಯಾವಾಗಲೂ ಕೆಳಗಿನಿಂದ, ಮಳೆ ನೀರು ಒಳಗೆ ನಿಲ್ಲಬಾರದು. 12 ಎಂಎಂ ರಾಡಿಗೆ 14 ಎಂಎಂ ತೂತು, ಆಳ 12 ಸೆಂ.ಮೀ. ರಾಡಿನ ದಪ್ಪದ ಹತ್ತು ಪಟ್ಟು ಆಳ ಎಂದು ನೆನಪಿಟ್ಟುಕೊಳ್ಳಿ. ಮೇಲೆ ಕನಿಷ್ಠ 6-7 ಸೆಂ.ಮೀ. ಕಲ್ಲು ಉಳಿದಿರಬೇಕು.

ಗ್ರಾನೈಟ್‌ಗೆ ವಜ್ರದ ಕೋರ್ ಬಿಟ್ (ಕೊಳವೆಯಂತೆ ಒಳಗೆ ಟೊಳ್ಳಿರುವ ಬಿಟ್) ಒಳ್ಳೆಯದು. ಟೈಲ್ಸಿಗೆ ಬಳಸುವ ಗಿಡ್ಡ ಬಿಟ್ ಅಷ್ಟು ಆಳ ಹೋಗುವುದಿಲ್ಲ, ಉದ್ದದ್ದನ್ನೇ ಕೇಳಿ. ಹ್ಯಾಮರ್ ಡ್ರಿಲ್ ಬಳಸುವುದಾದರೆ ತೂತಿನ ಸುತ್ತ ಎಲ್ಲ ಕಡೆ 10 ಸೆಂ.ಮೀ. ಗಟ್ಟಿ ಕಲ್ಲು ಇರಬೇಕು. ಪದರುಗಲ್ಲಿಗೆ, ತೆಳು ಕಲ್ಲಿಗೆ ಹ್ಯಾಮರ್ ಬಂದ್ ಮಾಡಿ ಬರೀ ತಿರುಗಿಸಿ.

ವಜ್ರದ ಬಿಟ್‌ಗೆ ನೀರು ಬೇಕೇ ಬೇಕು. ತೂತಿನ ಸುತ್ತ ಎರೆಮಣ್ಣಿನಿಂದ ಎರಡು ಬೆರಳೆತ್ತರದ ಕಟ್ಟೆ ಕಟ್ಟಿ ಒಳಗೆ ನೀರು ತುಂಬಿ. ನಮ್ಮ ಎರೆಮಣ್ಣು ಒಂದು ಹನಿ ಬಿಡುವುದಿಲ್ಲ. ಡ್ರಿಲ್ಲನ್ನು ಮೆಲ್ಲಗೆ ಒತ್ತಿ. ಒಂದು ಸೆಂ.ಮೀ. ಇಳಿದಾಗೊಮ್ಮೆ ಹೊರಗೆ ತೆಗೆಯಿರಿ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ, ಅದು ಕಲ್ಲಿನ ಹಿಟ್ಟು. ಗಟ್ಟಿಯಾಯಿತೆಂದರೆ ಬದಲಿಸಿ. ಒಳಗೆ ಉಳಿದ ಕಡ್ಡಿಯಂಥ ಕಲ್ಲನ್ನು ಸಪೂರ ಉಳಿಯಿಂದ ಪಕ್ಕಕ್ಕೆ ತಟ್ಟಿದರೆ ಮುರಿದು ಬರುತ್ತದೆ. ವೈರಿನ ಡ್ರಿಲ್ ಮತ್ತು ನೀರು ಒಟ್ಟಿಗೆ ಇರುವುದರಿಂದ ಲೈನಿಗೆ ಇಎಲ್‌ಸಿಬಿ (ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ಚು) ಇರಲೇಬೇಕು. ಒದ್ದೆ ನೆಲದಲ್ಲಿ ಬರಿಗಾಲು ಬೇಡ.

ನೀರು ಬಿಟ್‌ಗಷ್ಟೇ ಅಲ್ಲ, ನಿಮ್ಮ ಎದೆಗೂ ಬೇಕು. ಗ್ರಾನೈಟ್, ಮರಳುಗಲ್ಲಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್. ಒಮ್ಮೆ ಬಂದರೆ ವಾಸಿ ಮಾಡುವ ಮದ್ದಿಲ್ಲ. ಮುಖಕ್ಕೆ ಕರ್ಚೀಫ್ ಕಟ್ಟಿಕೊಂಡು ಒಣ ಗ್ರೈಂಡಿಂಗ್ ಮಾಡುವವರನ್ನು ಕಂಡಾಗ ಜೀವ ಮರುಗುತ್ತದೆ. ಕರ್ಚೀಫ್ ಅದನ್ನು ತಡೆಯುವುದಿಲ್ಲ. ಎನ್95 ಮಾಸ್ಕ್ ಕಡಿಮೆ ಎಂದರೂ ಬೇಕು. ಮಾಸ್ಕ್ ಇದ್ದರೂ ನೀರು ಹಾಕಿ. ಬಿದ್ದ ಕೆಸರನ್ನು ಒಣಗುವ ಮೊದಲೇ ತೊಳೆಯಿರಿ, ಕಸಬರಿಗೆಯಿಂದ ಗುಡಿಸಬೇಡಿ. ಗ್ರೈಂಡರಿನ ಗಾರ್ಡ್ ಬಿಚ್ಚಿ ಕೆಲಸ ಮಾಡಲೇಬೇಡಿ. ನಾಲ್ಕಿಂಚಿನ ಡಿಸ್ಕ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ, ಒಡೆದರೆ ಮುಖಕ್ಕೇ ಬರುವುದು.

ಕೂಡಿಸುವುದು

ತೂತನ್ನು ತೊಳೆದು, ಪೂರ್ತಿ ಒಣಗಿಸಿ. ಒಂದು ದಿನ ಬಿಸಿಲಿಗಿಟ್ಟರೆ ಒಳ್ಳೆಯದು. ಆಮೇಲೆ ಗಾಳಿ ಊದಿ, ತಂತಿ ಬ್ರಷ್ ಹಾಕಿ ಉಜ್ಜಿ, ಮತ್ತೆ ಊದಿ. ಧೂಳು ಉಳಿದರೆ ಎಪಾಕ್ಸಿ ಅಂಟು ಕಲ್ಲಿಗೆ ಹತ್ತುವುದಿಲ್ಲ, ಧೂಳಿಗೆ ಹತ್ತುತ್ತದೆ.

ಎರಡು ಡಬ್ಬಿಯ ಎಪಾಕ್ಸಿಯನ್ನು ಕಂಪನಿ ಹೇಳಿದ ಪ್ರಮಾಣದಲ್ಲೇ ಕಲಸಿ. ಗಟ್ಟಿಯಾಗಲಿ ಅಂತ ಹಾರ್ಡ್‌ನರ್ ಜಾಸ್ತಿ ಹಾಕಿದರೆ ಕೆಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಾದರೆ ಬೆಳಗ್ಗೆ ಏಳರೊಳಗೆ ಮಾಡಿ. ಬಿಸಿಲೇರಿದ ಮೇಲೆ ಕಲಸಿದ್ದು ಡಬ್ಬಿಯಲ್ಲೇ ಬಿಗಿಯುತ್ತದೆ. ತೂತಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿ, ರಾಡನ್ನು ತಿರುಗಿಸುತ್ತ ಇಳಿಸಿ. ತಿರುಗಿಸಿದರೆ ಒಳಗಿನ ಗಾಳಿ ಹೊರಬರುತ್ತದೆ. ಹೆಚ್ಚಾಗಿ ಉಕ್ಕಿದ್ದನ್ನು ಆಗಲೇ ಒರೆಸಿ. ಗೌಂಡಿಯವರ ಗುಂಡಿನಿಂದ ರಾಡು ನೆಟ್ಟಗಿದೆಯೇ ನೋಡಿ. ಒಂದು ದಿನ ಮುಟ್ಟಬೇಡಿ.

ಇಷ್ಟೆಲ್ಲ ಮಾಡಿದರೂ ಕಲ್ಲಿನ ಭಾರವನ್ನು ಎಪಾಕ್ಸಿ ಹೊರುತ್ತಿಲ್ಲ, ಗಮನಿಸಿದಿರಾ? ಭಾರ ಪ್ಲೇಟಿನ ಮೇಲಿದೆ. ರಾಡಿನ ಕೆಲಸ ಕಲ್ಲು ಉರುಳದಂತೆ, ಯಾರೂ ಎತ್ತಿ ಒಯ್ಯದಂತೆ ಹಿಡಿಯುವುದು ಮಾತ್ರ. ಯಾಕೆಂದರೆ ಸಾಮಾನ್ಯ ಎಪಾಕ್ಸಿ 50-60 ಡಿಗ್ರಿ ಬಿಸಿಗೆ ಮೆತ್ತಗಾಗತೊಡಗುತ್ತದೆ. ಗದಗಿನ ಏಪ್ರಿಲ್ ಬಿಸಿಲಲ್ಲಿ ಕಪ್ಪು ಬಣ್ಣದ ಪ್ಲೇಟಿನ ಮೇಲೆ ಕೈ ಇಟ್ಟು ನೋಡಿ, ಇಡಲಾಗುವುದಿಲ್ಲ. ಜೊತೆಗೆ ಕಬ್ಬಿಣ, ಕಲ್ಲು ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ. ಒಂದು ಮೀಟರ್ ಉದ್ದ, 30 ಡಿಗ್ರಿ ಏರಿಕೆಗೆ ಕಬ್ಬಿಣ 0.36 ಎಂಎಂ ಹಿಗ್ಗಿದರೆ ಗ್ರಾನೈಟ್ ಸುಮಾರು 0.24 ಎಂಎಂ. ಅಲ್ಯೂಮಿನಿಯಂ ಹೆಚ್ಚುಕಡಿಮೆ 0.7. ಕಣ್ಣಿಗೆ ಕಾಣದ ಈ ಎಳೆದಾಟ ದಿನಾ ನಡೆಯುತ್ತದೆ. ಅದಕ್ಕೇ ನಡುವೆ ನಿಯೋಪ್ರಿನ್, ಅದಕ್ಕೇ ಉದ್ದನೆಯ ತೂತು. ಮುಂದೆ ಕಲ್ಲನ್ನು ಕಬ್ಬಿಣದ ಚೌಕಟ್ಟಿನೊಳಗೆ ಕೂರಿಸುವ ಆಸೆಯಾದರೆ ಸುತ್ತ 2-3 ಎಂಎಂ ಸಂದು ಬಿಡಿ.

ಗ್ರಾನೈಟ್ ಅಂಗಡಿಯವರು ಬಳಸುವ, ಬೇಗ ಬಿಗಿಯುವ ಲಪ್ಪಂ ಚಕ್ಕೆ ಹಾರಿದ್ದನ್ನು ಮುಚ್ಚಲು ಸರಿ. ಭಾರಕ್ಕೆ ಬೇಡ.

ಕಲ್ಲನ್ನು ಇಬ್ಬರು ಎತ್ತಿ ಪ್ಲೇಟಿನ ಮೇಲೆ ಕೂರಿಸಿ. ಇದಕ್ಕಿಂತ ದೊಡ್ಡ ಕಲ್ಲಾದರೆ ಚೈನ್ ಪುಲ್ಲಿ ತರಿಸಿ. ಪಟ್ಟಿಯ ಕೆಳಗೆ ನೈಲಾನ್ ವಾಷರ್, ಅದರ ಕೆಳಗೆ ಸ್ಟೀಲ್ ವಾಷರ್, ಆಮೇಲೆ ನಟ್ಟು. ರಾಡು ಹಾಯುವ ತೂತಿಗೂ ಒಂದು ನೈಲಾನ್ ಕೊಳವೆ ಹಾಕಿ. ಸ್ಟೇನ್‌ಲೆಸ್ ಮತ್ತು ಸಾದಾ ಕಬ್ಬಿಣ ನೇರವಾಗಿ ತಾಗಿ ಮಳೆನೀರು ಬಿದ್ದರೆ ಸಾದಾ ಕಬ್ಬಿಣ ಬೇಗ ತಿನ್ನಿಸಿಕೊಳ್ಳುತ್ತದೆ. ನಟ್ಟನ್ನು ಜೋರಾಗಿ ಬಿಗಿಯಬೇಡಿ. ನಿಯೋಪ್ರಿನ್ ಸ್ವಲ್ಪ ಒತ್ತಿಕೊಂಡರೆ ಸಾಕು. ಇನ್ನೊಂದು ನಟ್ಟು ಹಾಕಿ ಲಾಕ್ ಮಾಡಿ.

ನೆಲ

ಒಂದು ಲೆಕ್ಕ ನೋಡಿ. ಕಲ್ಲು 30 ಕಿಲೊ, ತಳದ ಪ್ಲೇಟು 19, ನಿಲುವು ಪ್ಲೇಟು ಎರಡೂ ಸೇರಿ ಇನ್ನೊಂದು 19. ಒಟ್ಟು 68 ಕಿಲೊ. ಅಲುಗಾಡುವುದಿಲ್ಲ ಅನಿಸುತ್ತದೆ. ಆದರೆ ತುದಿಯಲ್ಲಿ ಸುಮಾರು 15 ಕಿಲೊ ಬಲದಿಂದ ತಳ್ಳಿದರೆ ಸಾಕು, ಉರುಳುತ್ತದೆ. ಎಂಟು ವರ್ಷದ ಹುಡುಗ ಜೋತುಬಿದ್ದರೂ ಸಾಕು. ಆದ್ದರಿಂದ ಶಾಲೆಯಲ್ಲಿರಲಿ, ಮನೆ ಅಂಗಳದಲ್ಲಿರಲಿ, ನಾಲ್ಕು ಮೂಲೆಗೆ 12 ಎಂಎಂ ಬೋಲ್ಟು ಹಾಕಿ ಕಾಂಕ್ರೀಟಿಗೆ ಬಿಗಿಯಲೇಬೇಕು.

ಧಾರವಾಡದ ಕೆಂಪು ನೆಲವಾದರೆ ಕೆಲಸ ಸುಲಭ. ನವಲಗುಂದ, ಅಣ್ಣಿಗೇರಿ, ನರಗುಂದ, ರೋಣದ ಎರೆಭೂಮಿಯಲ್ಲಿ ಹಾಗಲ್ಲ. ಮಳೆಗೆ ಊದುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಮೇಲೆ ಸುಮ್ನೆ ಕಾಂಕ್ರೀಟ್ ಹಾಕಿದರೆ ವರ್ಷದೊಳಗೆ ಶಿಲ್ಪ ವಾಲುತ್ತದೆ. ಅಲ್ಲಿ ಒಂದು ಮೀಟರ್ ಚೌಕ, ಮುಕ್ಕಾಲು ಮೀಟರ್ ಆಳವಾದರೂ ಮಣ್ಣು ತೆಗೆದು ಗರಸು ತುಂಬಿ. ಒಂದೇ ಸಲ ಸುರಿಯಬೇಡಿ, ಗೇಣುದ್ದದ ಪದರು ಪದರಾಗಿ ನೀರು ಹಾಕಿ ಬಡಿಯುತ್ತ ಬನ್ನಿ. ಅದರ ಮೇಲೆ 60 ಸೆಂ.ಮೀ. ಚೌಕದ, 20 ಸೆಂ.ಮೀ. ದಪ್ಪದ ಕಾಂಕ್ರೀಟು, ಒಳಗೆ ರಾಡಿನ ಜಾಳಿಗೆ. ಮೇಲ್ಮೈ ನೆಲದಿಂದ 5 ಸೆಂ.ಮೀ. ಮೇಲಿರಲಿ, ನೀರು ಹೊರಗೆ ಹರಿಯುವಂತೆ ಸ್ವಲ್ಪ ಇಳಿಜಾರಿರಲಿ.

ಬಯಲಿನಲ್ಲಿ ನಿಂತ ಶಿಲ್ಪಗಳನ್ನು ನೋಡಬೇಕೆಂದರೆ ಶಿಗ್ಗಾವಿ ತಾಲೂಕಿನ ಗೊಟಗೋಡಿಗೆ ಹೋಗಿ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಅಲ್ಲಿದೆ. ಅಲ್ಲಿನ ಹಳ್ಳಿ ಬದುಕಿನ ಆಕೃತಿಗಳು ಸಿಮೆಂಟಿನವು, ನಮ್ಮ ಕೆಲಸಕ್ಕಿಂತ ಬೇರೆ. ಎಲ್ಲರೂ ಮುಖ ನೋಡುತ್ತಾರೆ. ನೀವು ಪಾದ ನೋಡಿ, ನೆಲಕ್ಕೆ ಹೇಗೆ ನಿಂತಿವೆ ಎಂದು.

ಬಣ್ಣ, ಮಳೆ, ಕಲೆ

ಕಬ್ಬಿಣಕ್ಕೆ ತುಕ್ಕಿನ ಬಣ್ಣವೇ ಚೆಂದ ಎಂದು ಬಹಳ ಜನ ಹಾಗೇ ಬಿಡುತ್ತಾರೆ. ಚೆಂದವೇ, ಒಪ್ಪುತ್ತೇನೆ. ಆದರೆ ಜೂನ್ ಮಳೆಗೆ ತುಕ್ಕಿನ ನೀರು ಎಲ್ಲಿ ಇಳಿಯುತ್ತದೆ ಎಂದು ಮೊದಲೇ ಯೋಚಿಸಿ. ಕಬ್ಬಿಣ ಮೇಲಿದ್ದರೆ ಕಲ್ಲಿನ ಮೇಲೆ ಕಂದು ಗೆರೆ ಬೀಳುತ್ತದೆ, ಮರಳುಗಲ್ಲಾದರೆ ಕುಡಿದೇಬಿಡುತ್ತದೆ. ಕಲ್ಲು ಮೇಲೆ, ಕಬ್ಬಿಣ ಕೆಳಗೆ ಇರಲಿ ಎಂದು ನಾನು ಹೇಳುವುದು ಇದಕ್ಕೇ. ಬಣ್ಣ ಹಚ್ಚುವುದಾದರೆ ತುಕ್ಕು ಪೂರ್ತಿ ಉಜ್ಜಿ, ಎಪಾಕ್ಸಿ ಪ್ರೈಮರ್ ಎರಡು ಕೈ, ಮೇಲೆ ಮಿಂಚಿಲ್ಲದ ಬಣ್ಣ. ಕಲ್ಲಿಗೆ ವಾರ್ನಿಶ್ ಬೇಡ. ಬಿಸಿಲಿಗೆ ಹಳದಿಯಾಗಿ ಸುಲಿಯುತ್ತದೆ.

ಕಲೆ ಬಿದ್ದೇಬಿಟ್ಟರೆ ಗ್ರಾನೈಟ್‌ಗೆ ಆಕ್ಸಾಲಿಕ್ ಆ್ಯಸಿಡ್ ಪುಡಿಯನ್ನು ನೀರಲ್ಲಿ ಕರಗಿಸಿ, ಬಿಳಿ ಬಟ್ಟೆಯಲ್ಲಿ ನೆನೆಸಿ ಕಲೆಯ ಮೇಲೆ ಒಂದೆರಡು ಗಂಟೆ ಹೊದಿಸಿ, ಚೆನ್ನಾಗಿ ತೊಳೆಯಿರಿ. ಅದು ವಿಷ. ಕೈಗವಸು ಹಾಕಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಸಂಡಾಸು ತೊಳೆಯುವ ಆ್ಯಸಿಡ್ ಯಾವ ಕಲ್ಲಿಗೂ ಹಾಕಬೇಡಿ, ಪಕ್ಕದ ಕಬ್ಬಿಣವನ್ನೂ ಅದು ತಿನ್ನುತ್ತದೆ.

ಮೊದಲ ಮಳೆಗಾಲ ಕಳೆದ ಮೇಲೆ, ದಸರೆಯ ಹೊತ್ತಿಗೆ, ಒಮ್ಮೆ ಎಲ್ಲ ನೋಡಿ. ನಟ್ಟು ಸಡಿಲಾಗಿದೆಯೇ, ನಿಯೋಪ್ರಿನ್ ಹೊರಗೆ ಸರಿದಿದೆಯೇ, ತಳದ ಪ್ಲೇಟಿನಡಿ ನೀರು ನಿಂತ ಗುರುತಿದೆಯೇ. ಸುತ್ತಿಗೆಯಿಂದ ಕಲ್ಲನ್ನು ಮತ್ತೆ ತಟ್ಟಿ, ದನಿ ಮೊದಲಿನಂತೇ ಇರಬೇಕು. ತಳದ ಪ್ಲೇಟಿನ ಅಡಿಯಲ್ಲಿ ಕಲ್ಲಿನ ತೂಕ, ರಾಡಿನ ಅಳತೆ, ತೂತಿನ ಆಳ, ಎಪಾಕ್ಸಿಯ ಹೆಸರು, ಕೂಡಿಸಿದ ತಿಂಗಳು-ವರ್ಷವನ್ನು ಬೋಲ್ಟು ಬಿಗಿಯುವ ಮೊದಲೇ ಪಂಚ್‌ನಿಂದ ಒತ್ತಿರಿ, ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ. ಮುಂದೆ ಯಾರಾದರೂ ಇದನ್ನು ಬಿಚ್ಚಿ ಬೇರೆ ಕಡೆ ಒಯ್ಯಬೇಕಾದಾಗ ಮೊದಲು ಹುಡುಕುವುದು ಇದನ್ನೇ.